ಮಗುವಿನ ಮೊದಲ ಹೆಜ್ಜೆಗೆ ಅಂಗಳವೆಲ್ಲಿ?

ತೆಂಗಿನ ಸಸಿಯ ವಿಷಯದಲ್ಲಿ ಕಲ್ಪತರು ನಾಡಿನ ರೈತನಿಗಿರುವ ತಾಳ್ಮೆ ದೊಡ್ಡದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಎತ್ತರದ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕೆಂಬುದನ್ನು ಅವನು ಬಲ್ಲ. ಪಕ್ಕದ ತೋಟದ ಗಿಡ ಒಂದು ವರ್ಷ ಮೊದಲು ಹೊಂಬಾಳೆ ಬಿಟ್ಟಿತೆಂದು ತನ್ನ ಗಿಡದ ಬುಡವನ್ನು ಕೆದಕಿ ನೋಡುವುದಿಲ್ಲ. ಪಾತಿ ಮಾಡಿ, ಗೊಬ್ಬರ ನೀರು ಕೊಟ್ಟು ಕಾಯುತ್ತಾನೆ. ಆದರೆ ಅದೇ ಮನೆಯಲ್ಲಿ ಹನ್ನೊಂದು ತಿಂಗಳ ಮಗು ಇನ್ನೂ ಹೆಜ್ಜೆಯಿಟ್ಟಿಲ್ಲವೆಂದರೆ ಆತಂಕ ಆರಂಭವಾಗುತ್ತದೆ. ಎದುರುಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತಂತೆ ಎಂಬ ಹೋಲಿಕೆ ಬರುತ್ತದೆ. ಮುಂದಿನ ಸಂತೆಯ ದಿನ ಪೇಟೆಯಿಂದ ಪ್ಲಾಸ್ಟಿಕ್ಕಿನ ವಾಕರ್ ಬರುತ್ತದೆ. ಇನ್ನೊಂದೆಡೆ, ಎರಡು ವರ್ಷವಾದರೂ ನಡೆಯದ ಮಗುವಿನ ಬಗ್ಗೆ ‘ಅವರಪ್ಪನೂ ತಡವಾಗಿಯೇ ನಡೆದದ್ದು’ ಎಂದು ಸುಮ್ಮನಾಗುವ ಮನೆಗಳೂ ಇವೆ. ಅನಗತ್ಯ ಆತಂಕ ಹಾಗೂ ಅಪಾಯಕಾರಿ ನಿರಾತಂಕ ಎರಡಕ್ಕೂ ಕಾರಣ ಒಂದೇ: ಮಕ್ಕಳು ನಡೆಯಲು, ಓಡಲು ಹೇಗೆ ಕಲಿಯುತ್ತಾರೆ ಎಂಬ ಬಗ್ಗೆ ಸರಿಯಾದ ತಿಳಿವಳಿಕೆ ಮನೆಗಳಿಗೂ ತಲುಪಿಲ್ಲ, ಆಡಳಿತದ ಕಾರ್ಯಸೂಚಿಗೂ ಸೇರಿಲ್ಲ.

ಮೊದಲು ವಯಸ್ಸಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕಗಳಲ್ಲಿ 800ಕ್ಕೂ ಹೆಚ್ಚು ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಭಾರತದ ಮಕ್ಕಳು ದೆಹಲಿಯವರು. ಅದರ ಪ್ರಕಾರ ಆಸರೆಯಿಲ್ಲದೆ ಕುಳಿತುಕೊಳ್ಳುವ ಅವಧಿ 3.8ರಿಂದ 9.2 ತಿಂಗಳು, ಅಂಬೆಗಾಲಿಡುವುದು 5.2ರಿಂದ 13.5 ತಿಂಗಳು, ತಾನಾಗಿ ನಿಲ್ಲುವುದು 6.9ರಿಂದ 16.9 ತಿಂಗಳು; ಯಾರ ಕೈಯನ್ನೂ ಹಿಡಿಯದೆ ನಡೆಯುವುದು 8.2ರಿಂದ 17.6 ತಿಂಗಳು. ಅಂದರೆ ಒಂಬತ್ತು ತಿಂಗಳಿಗೆ ನಡೆದ ಕೂಸೂ, ಹದಿನೇಳು ತಿಂಗಳಿಗೆ ನಡೆದ ಕೂಸೂ ಆರೋಗ್ಯವಂತ ಮಕ್ಕಳೇ. ಇಷ್ಟು ಅಗಲವಾದ ಅವಧಿಯೊಳಗೆ ಬೇಗ ನಡೆದ ಮಗು ಜಾಣ, ತಡವಾಗಿ ನಡೆದದ್ದು ದಡ್ಡ ಎನ್ನುವುದಕ್ಕೆ ಆಧಾರವಿಲ್ಲ. ಶೇ 4ರಷ್ಟು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ನಿಂತು ನಡೆದರೆಂಬುದೂ ಅದೇ ಅಧ್ಯಯನದಿಂದ ತಿಳಿದುಬಂತು. ಆದರೆ ಹದಿನೆಂಟು ತಿಂಗಳು ತುಂಬಿದರೂ ಸ್ವತಂತ್ರವಾಗಿ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಪ್ರತಿ ತಾಯಿಯೂ ನೆನಪಿಟ್ಟುಕೊಳ್ಳಬೇಕಾದ ಗಡುವು ಇದೊಂದೇ.

ನಡಿಗೆಯನ್ನು ಯಾರೂ ಕಲಿಸುವುದಿಲ್ಲ, ಮಗುವೇ ಕಲಿಯುತ್ತದೆ. ಹೇಗೆ ಕಲಿಯುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕ ಸ್ವಾರಸ್ಯಕರವಾಗಿದೆ. ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡಿಕೊಂಡಿದ್ದಾಗ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತವೆ, 17 ಬಾರಿ ಬೀಳುತ್ತವೆ. ದಿನವಿಡೀ ಲೆಕ್ಕ ಹಾಕಿದರೆ ಇದು ಸಾವಿರಾರು ಹೆಜ್ಜೆಗಳ, ಹತ್ತಾರು ಬೀಳುವಿಕೆಗಳ ಕಠಿಣ ಅಭ್ಯಾಸ. ನೇರ ದಾರಿಯಲ್ಲಿ ಒಂದೇ ಸಮನೆ ನಡೆಯುವ ಅಭ್ಯಾಸವೂ ಇದಲ್ಲ. ನಾಲ್ಕು ಹೆಜ್ಜೆ ಮುಂದೆ, ಎರಡು ಪಕ್ಕಕ್ಕೆ, ಒಂದು ಕ್ಷಣ ನಿಲುಗಡೆ, ಮತ್ತೆ ತಿರುಗಿ ಹೊರಡುವುದು. ಬೀಳುವುದನ್ನು ತಪ್ಪಿಸುವ ಹಿರಿಯರು ಕಲಿಯುವುದನ್ನೂ ತಪ್ಪಿಸುತ್ತಾರೆ. ಬಿದ್ದೂ ಎದ್ದೂ ಕಲಿಯಬೇಕೆಂಬ ನಮ್ಮ ಹಿರಿಯರ ಮಾತನ್ನು ವಿಜ್ಞಾನವು ಅಂಕಿಅಂಶಗಳ ಮೂಲಕ ಹೇಳುತ್ತಿದೆ, ಅಷ್ಟೆ.

ಮೊದಮೊದಲು ಮಗು ಎರಡೂ ಕಾಲುಗಳನ್ನು ಅಗಲಿಸಿ, ತೋಳುಗಳನ್ನು ಮೇಲಕ್ಕೆತ್ತಿ, ಇಡೀ ಪಾದವನ್ನು ಒಮ್ಮೆಲೇ ನೆಲಕ್ಕೂರಿ ತಪ್ಪಡಿಯಿಡುತ್ತದೆ. ಕೆಲವು ತಿಂಗಳಲ್ಲಿ ಕೈಗಳು ಕೆಳಗಿಳಿಯುತ್ತವೆ, ಹಿಮ್ಮಡಿ ಮೊದಲು ನೆಲ ಮುಟ್ಟತೊಡಗುತ್ತದೆ. ಓಟವೆಂದರೆ ಕೇವಲ ಬಿರುಸಿನ ನಡಿಗೆಯಲ್ಲ. ಎರಡೂ ಪಾದಗಳು ಒಂದು ಕ್ಷಣ ನೆಲವನ್ನು ಬಿಟ್ಟಿರುವುದೇ ಓಟ. ಇದಕ್ಕೆ ಒಂದೇ ಕಾಲಿನ ಮೇಲೆ ದೇಹದ ಭಾರವನ್ನು ತಡೆದು ಮುಂದಕ್ಕೆ ಚಿಮ್ಮುವ ಬಲ ಬೇಕು. ಆದ್ದರಿಂದ ಒಂದೂವರೆ ವರ್ಷದಿಂದ ಎರಡು ವರ್ಷದ ನಡುವೆ ಓಟ ಕಾಣಿಸಿಕೊಂಡರೂ ಸರಾಗವಾಗಿ ತಿರುಗುವುದು, ಥಟ್ಟನೆ ನಿಲ್ಲುವುದು, ಕುಂಟುವುದು, ನೆಗೆಯುವುದು ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಒಂದೊಂದಾಗಿ ಕೂಡಿಬರುತ್ತವೆ. ನಡಿಗೆ ವಯಸ್ಕರ ಹದಕ್ಕೆ ಬರುವುದು ಸುಮಾರು ಏಳನೆಯ ವರ್ಷದ ಹೊತ್ತಿಗೆ. ಎರಡು ವರ್ಷದವರೆಗೆ ಕಾಲು ಹೊರಬಾಗಿರುವುದು, ಮೂರು ನಾಲ್ಕರಲ್ಲಿ ಮಂಡಿಗಳು ಒಳಮುಖವಾಗಿರುವುದು, ಪಾದ ಚಪ್ಪಟೆಯಾಗಿ ಕಾಣುವುದು ಬಹುಪಾಲು ಮಕ್ಕಳಲ್ಲಿ ಸಹಜ, ಬೆಳೆದಂತೆ ಸರಿಹೋಗುತ್ತದೆ. ಇದಕ್ಕಾಗಿ ವಿಶೇಷ ಬೂಟುಗಳನ್ನು ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಸ್ವಚ್ಛವಾದ ನೆಲದಲ್ಲಿ ಬರಿಗಾಲೇ ಕಲಿಯುವ ಕಾಲಿಗೆ ಒಳ್ಳೆಯದು.

ಇದೆಲ್ಲ ತಾನಾಗಿಯೇ ಆಗುವುದಾದರೆ ಸಮಾಜವಾಗಲೀ ಸರ್ಕಾರವಾಗಲೀ ಮಾಡಬೇಕಾದುದೇನು ಎಂದು ಕೇಳಬಹುದು. ಉತ್ತರ 1960ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ಮನೋವಿಜ್ಞಾನಿ ವೇಯ್ನ್ ಡೆನಿಸ್ ಟೆಹರಾನಿನ ಮೂರು ಅನಾಥಾಲಯಗಳ ಮಕ್ಕಳನ್ನು ಹೋಲಿಸಿದರು. ಎರಡರಲ್ಲಿ ಮಕ್ಕಳನ್ನು ಬಹುಹೊತ್ತು ತೊಟ್ಟಿಲಲ್ಲಿ ಅಂಗಾತ ಮಲಗಿಸಿಯೇ ಇಡುತ್ತಿದ್ದರು. ಎತ್ತಿಕೊಳ್ಳುವವರು ಕಡಿಮೆ, ಬೋರಲು ಮಲಗಿಸುವವರು ಇಲ್ಲ. ಅಲ್ಲಿ ಎರಡು ವರ್ಷ ದಾಟಿದ ಬಹುಪಾಲು ಮಕ್ಕಳು ನಡೆಯುತ್ತಿರಲಿಲ್ಲ. ಆರೈಕೆ ಉತ್ತಮವಾಗಿದ್ದ ಮೂರನೆಯ ಸಂಸ್ಥೆಯಲ್ಲಿ ಅದೇ ವಯಸ್ಸಿನ ಬಹುಪಾಲು ಮಕ್ಕಳು ನಡೆಯುತ್ತಿದ್ದರು. ಕೀನ್ಯಾದ ಕಿಪ್ಸಿಗಿಸ್ ಸಮುದಾಯದಲ್ಲಿ ಹಿರಿಯರು ಕೂಸುಗಳಿಗೆ ಕೂರುವುದನ್ನು, ನಡೆಯುವುದನ್ನು ಉದ್ದೇಶಪೂರ್ವಕವಾಗಿ ಅಭ್ಯಾಸ ಮಾಡಿಸುತ್ತಿದ್ದುದರಿಂದ ಅವು ಪಾಶ್ಚಾತ್ಯ ಮಕ್ಕಳಿಗಿಂತ ಮುಂಚೆಯೇ ಕಲಿಯುತ್ತಿದ್ದವೆಂದು ಚಾರ್ಲ್ಸ್ ಸೂಪರ್ 1976ರಲ್ಲಿ ತೋರಿಸಿದರು. ಶಕ್ತಿ ಮಗುವಿನೊಳಗೇ ಇದೆ ನಿಜ. ಆದರೆ ಅದಕ್ಕೆ ನೆಲ, ಜಾಗ, ಆಹಾರ, ಕಣ್ಣಿಟ್ಟು ನೋಡುವ ಹಿರಿಯರು ಬೇಕು. ಈ ನಾಲ್ಕನ್ನೂ ಒದಗಿಸುವುದು ಮನೆಯ ಕೆಲಸವಾದಷ್ಟೇ ಸಾರ್ವಜನಿಕ ನೀತಿಯ ಕೆಲಸವೂ ಹೌದು.

ನಮ್ಮ ಹಳೆಯ ಮನೆಗಳಲ್ಲಿ ಈ ಏರ್ಪಾಡು ಯಾರೂ ಯೋಜಿಸದೆಯೇ ಇತ್ತು. ಎಣ್ಣೆ ಹಚ್ಚಿ ಎರೆಯುವ ಅಜ್ಜಿ ಕೂಸಿನ ಕೈಕಾಲುಗಳನ್ನು ನೀವಿ ಮಡಿಸಿ ಬಿಡಿಸುತ್ತಿದ್ದಳು. ಬೋರಲು ಬಿದ್ದರೆ ಸಂಭ್ರಮ, ಹೊಸಿಲು ದಾಟಿದರೆ ಹೊಸಿಲಿಗೆ ಪೂಜೆ ಮಾಡಿ ಕಾಯಿ ಒಡೆಯುವ ರೂಢಿ ಹಲವು ಮನೆಗಳಲ್ಲಿತ್ತು. ಬೆಳವಣಿಗೆಯ ಹಂತಗಳನ್ನು ಕುಟುಂಬವೆಲ್ಲ ಗುರುತಿಸುವ ಕ್ರಮವಾಗಿತ್ತು ಅದು. ಮೂರು ಗಾಲಿಯ ಮರದ ತಳ್ಳುಗಾಡಿಯನ್ನು ಹಿಡಿದು ಮಗು ತನ್ನ ಕಾಲಿನ ಮೇಲೆಯೇ ನಿಂತು ನಡೆಯುತ್ತಿತ್ತು. ಜಗಲಿ, ಅಂಗಳ, ಹಿತ್ತಿಲು, ಆಚೆಗೆ ತೋಟ. ಇಂದು ದಬ್ಬೇಘಟ್ಟದಂತಹ ಹೋಬಳಿ ಕೇಂದ್ರಗಳಲ್ಲಿಯೂ ರಸ್ತೆಗೆ ಅಂಟಿಕೊಂಡ ಮನೆಗಳು ಹೆಚ್ಚುತ್ತಿವೆ. ಅಂಗಳವಿದ್ದಲ್ಲಿ ದ್ವಿಚಕ್ರ ವಾಹನಗಳು ನಿಂತಿವೆ. ತೋಟದ ಕೆಲಸ, ಕಾಯಿ ಸುಲಿಯುವುದು, ಕೊಬ್ಬರಿ ಒಡೆಯುವುದು ಎಂದು ದುಡಿಯುವ ತಾಯಿಗೆ ಮಗು ಒಂದೆಡೆ ಕುಳಿತಿರುವುದೇ ಅನುಕೂಲ. ಕೂರಿಸಲು ಮೊಬೈಲ್ ಫೋನ್ ಇದೆ. ಅವಳನ್ನು ದೂಷಿಸಿ ಪ್ರಯೋಜನವಿಲ್ಲ. ಮಗುವನ್ನು ನೋಡಿಕೊಳ್ಳುವ ಮತ್ತೊಂದು ಜೊತೆ ಕೈಗಳನ್ನು ನಾವು ಅವಳಿಗೆ ಒದಗಿಸಿಲ್ಲ.

ವಾಕರ್ ಎಂಬ ಸಾಧನ ಈ ಕೊರತೆಯನ್ನು ತುಂಬಲು ಬಂದದ್ದು. ಅದರೊಳಗೆ ನೇತಾಡುವ ಮಗುವಿಗೆ ಸಮತೋಲನ ಕಲಿಯುವ ಅಗತ್ಯವೇ ಬೀಳುವುದಿಲ್ಲ. ತುದಿಗಾಲಿನಲ್ಲಿ ನೆಲ ಒದ್ದರೆ ಸಾಕು, ಗಾಡಿ ಸಾಗುತ್ತದೆ. ಅದು ನಡಿಗೆಯನ್ನು ಬೇಗ ತರುವುದಿಲ್ಲ. ಬದಲಾಗಿ ಮೆಟ್ಟಿಲಿನಿಂದ ಉರುಳುವ, ಬಿಸಿ ಪಾತ್ರೆಗೆ ಕೈ ಹಾಕುವ ಅಪಾಯವನ್ನು ತರುತ್ತದೆ. ಕೆನಡಾ ದೇಶ 2004ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು. ನಮ್ಮಲ್ಲಿ ಇದು ಇಂದಿಗೂ ನಾಮಕರಣದ ಮೆಚ್ಚಿನ ಉಡುಗೊರೆ. ಮರದ ತಳ್ಳುಗಾಡಿಯನ್ನು ಬಿಟ್ಟು ಇದನ್ನು ಹಿಡಿದದ್ದು ಪ್ರಗತಿಯೆನಿಸಿಕೊಂಡಿರುವುದು ವಿಪರ್ಯಾಸ.

ಎರಡನೆಯ ಬದಲಾವಣೆ ಮೂರು ವರ್ಷಕ್ಕೆ ಬರುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ವ್ಯಾನು ಊರ ಬಾಗಿಲಿಗೇ ಬಂದು ಎಲ್‌ಕೆಜಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಓಡಲು ಕಲಿಯಬೇಕಾದ ವಯಸ್ಸಿನ ಮಗು ವ್ಯಾನಿನಲ್ಲಿ ಕುಳಿತು, ಬೆಂಚಿನ ಮೇಲೆ ಕುಳಿತು, ಸಂಜೆ ಮನೆಗೆ ಬಂದು ಬರೆಯಲು ಕುಳಿತುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ ಮೂರು ಗಂಟೆ ದೈಹಿಕ ಚಟುವಟಿಕೆ ಬೇಕು; ಮೂರು ನಾಲ್ಕು ವರ್ಷದವರಿಗೆ ಅದರಲ್ಲಿ ಒಂದು ಗಂಟೆಯಾದರೂ ಏದುಸಿರು ಬರುವಂಥದ್ದಾಗಿರಬೇಕು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಅವರನ್ನು ಕಟ್ಟಿ ಕೂರಿಸಬಾರದು. ಈ ಅಳತೆಗೋಲಿಗೆ ನಮ್ಮ ಎಷ್ಟು ಶಿಶುವಿಹಾರಗಳು ನಿಲ್ಲುತ್ತವೆ?

ಇನ್ನು ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾದಾಗ ರಾಜ್ಯದಲ್ಲಿ ಮೊದಲು ಜಾರಿಗೆ ಬಂದದ್ದು ತಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಸುಪ್ರೀಂ ಕೋರ್ಟು 2001 ಮತ್ತು 2006ರ ಆದೇಶಗಳ ಮೂಲಕ ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಇದರ ಸೇವೆ ಸಿಗಬೇಕೆಂದು ವಿಧಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಆಡಳಿತದಲ್ಲಿ ದೀರ್ಘಕಾಲ ಕೆಲಸ ಮಾಡಿದ ಯಾರಿಗೂ ತಿಳಿದಿರುವ ಸತ್ಯವೆಂದರೆ, ನಮೂನೆಯಲ್ಲಿ ಕಾಲಂ ಇರುವುದಷ್ಟೇ ಕಾರ್ಯಗತವಾಗುತ್ತದೆ. ಹಾಜರಿ, ಆಹಾರದ ದಾಸ್ತಾನು, ಮಗುವಿನ ತೂಕ, ಎತ್ತರಗಳಿಗೆ ಪುಸ್ತಕಗಳಿವೆ, ಈಗ ಮೊಬೈಲ್ ಆ್ಯಪ್ ಕೂಡ ಇದೆ. ಮಗು ಇಂದು ಎಷ್ಟು ಹೊತ್ತು ಓಡಿತು, ಓಡಲು ಜಾಗವಿದೆಯೇ ಎಂಬುದನ್ನು ಮೇಲಧಿಕಾರಿಗಳು ಕೇಳುವುದು ಅಪರೂಪ.

ಕಾನೂನಿನಲ್ಲಿಯೇ ಈ ಬಿರುಕು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಆದರೆ ಆ ಹಕ್ಕು ಆರರಿಂದ ಹದಿನಾಲ್ಕು ವರ್ಷದವರದು. ಆರು ವರ್ಷದೊಳಗಿನವರಿಗೆ 2002ರ 86ನೇ ತಿದ್ದುಪಡಿಯ ನಂತರ ಸಂವಿಧಾನದ 45ನೇ ವಿಧಿಯು ‘ಪ್ರಯತ್ನಿಸತಕ್ಕದ್ದು’ ಎಂಬ ಮಾತನ್ನಷ್ಟೇ ನೀಡುತ್ತದೆ. ಅಂದರೆ ಓಡುವುದನ್ನು ಆಗಲೇ ಕಲಿತುಬಿಟ್ಟ ಮಗುವಿಗೆ ಮೈದಾನದ ಹಕ್ಕಿದೆ. ಕಲಿಯುತ್ತಿರುವ ಮಗುವಿಗೆ ಇಲ್ಲ! ಸಾವಿರಾರು ಅಂಗನವಾಡಿಗಳು ಇಂದಿಗೂ ಬಾಡಿಗೆ ಕೊಠಡಿಗಳಲ್ಲಿವೆ. ಅಲ್ಲಿ ಅಡುಗೆ, ದಾಸ್ತಾನು, ಮಕ್ಕಳು ಎಲ್ಲವೂ ಒಂದೇ ಕೋಣೆಯಲ್ಲಿ.

ಅಂಗಳದಷ್ಟೇ ಮುಖ್ಯವಾದುದು ಅನ್ನ. 2019–20ರಲ್ಲಿ ರಾಜ್ಯದಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನತೆಯಿದೆ, ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಮಗು ಬೇಗ ದಣಿಯುತ್ತದೆ, ತಾಯಿಯ ಸೆರಗು ಬಿಟ್ಟು ಹೋಗುವುದಿಲ್ಲ, ಅದರ ಚಲನೆಯ ಬೆಳವಣಿಗೆ ಹಿಂದೆ ಬೀಳುತ್ತದೆ. ‘ನಮ್ಮ ಮಗು ಬಲು ಸಾಧು’ ಎಂದು ನಾವು ಮೆಚ್ಚುವ ಸೌಮ್ಯಸ್ವಭಾವದ ಹಿಂದೆ ಎಷ್ಟೋ ಬಾರಿ ನಿಶ್ಶಕ್ತಿಯಿರುತ್ತದೆ. ಬರಿಗಾಲಿನ ನಡಿಗೆ ಒಳ್ಳೆಯದೆಂದರೂ ಬಯಲು ಶೌಚದಿಂದ ಮಲಿನವಾದ ನೆಲದಲ್ಲಿ ಕೊಕ್ಕೆಹುಳು ಪಾದದ ಮೂಲಕವೇ ದೇಹ ಹೊಕ್ಕು ರಕ್ತ ಹೀರುತ್ತದೆ. 2015ರಿಂದ ನಡೆಯುತ್ತಿರುವ ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನು ತಪ್ಪಿಸಬಾರದು ಎನ್ನುವುದು ಇದಕ್ಕಾಗಿಯೇ.

ಹಿಂದಿನ ತಲೆಮಾರಿನಲ್ಲಿ ಮಗು ನಡೆಯಲಾರದೆಂದರೆ ಮೊದಲು ನೆನಪಾಗುತ್ತಿದ್ದುದು ಪೋಲಿಯೊ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ವರದಿಯಾಯಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಮನೆಮನೆಗೆ ಹೋಗಿ ಎರಡು ಹನಿ ಹಾಕಿದ ಆಡಳಿತಯಂತ್ರವೇ ಇಂದು ಇನ್ನೊಂದು ಕೆಲಸವನ್ನು ಮಾಡಬಲ್ಲದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿ ಮಕ್ಕಳನ್ನು ಪರೀಕ್ಷಿಸಬೇಕು. ವಕ್ರಪಾದ, ಸೊಂಟದ ಕೀಲಿನ ದೋಷ, ರಿಕೆಟ್ಸ್, ಬೆಳವಣಿಗೆಯ ವಿಳಂಬ ಎಲ್ಲವೂ ಅದರ ಪಟ್ಟಿಯಲ್ಲಿವೆ. ವಕ್ರಪಾದವನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಪಟ್ಟು ಹಾಕಿ ತಿದ್ದತೊಡಗಿದರೆ ಮಗು ಎಲ್ಲರಂತೆ ಓಡುತ್ತದೆ. ಆದರೆ ತಂಡ ಬಂದ ದಿನ ಗೈರುಹಾಜರಾದ ಮಗು ಆರು ತಿಂಗಳು ಕಾಯಬೇಕು. ಗುರುತಿಸಿದ ಮೇಲೂ ಜಿಲ್ಲಾ ಕೇಂದ್ರಕ್ಕೆ ಅಲೆಯಲು ಕೂಲಿಯ ತಾಯಿ ದಿನಗೂಲಿ ಬಿಡಬೇಕು. ಮಗು ಯಾವಾಗಲೂ ಒಂದೇ ಕಡೆಯ ಕೈಕಾಲನ್ನು ಬಳಸುವುದು, ಸದಾ ತುದಿಗಾಲಲ್ಲಿ ನಡೆಯುವುದು, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಹತ್ತಿದಂತೆ ಏಳುವುದು, ಕಲಿತ ನಡಿಗೆಯನ್ನು ಮರೆಯುವುದು ಇವು ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಇವನ್ನು ಗುರುತಿಸಲು ದುಬಾರಿ ಯಂತ್ರ ಬೇಡ, ತರಬೇತಿ ಪಡೆದ ಕಾರ್ಯಕರ್ತೆಯ ಕಣ್ಣು ಸಾಕು.

ಹೆಣ್ಣುಮಗುವಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹನ್ನೊಂದು ತಿಂಗಳ ಕೂಸುಗಳು ಎಷ್ಟು ಇಳಿಜಾರನ್ನು ಅಂಬೆಗಾಲಿನಲ್ಲಿ ಇಳಿಯಬಲ್ಲವೆಂದು ತಾಯಂದಿರನ್ನು ಕೇಳಿ, ಬಳಿಕ ಕೂಸುಗಳನ್ನೇ ಪರೀಕ್ಷಿಸಿದ ಅಧ್ಯಯನವೊಂದು 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗಂಡುಮಕ್ಕಳ ತಾಯಂದಿರು ಹೆಚ್ಚಾಗಿ, ಹೆಣ್ಣುಮಕ್ಕಳ ತಾಯಂದಿರು ಕಡಿಮೆಯಾಗಿ ಅಂದಾಜಿಸಿದ್ದರು. ಕೂಸುಗಳ ಸಾಮರ್ಥ್ಯದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ‘ಹೆಣ್ಣುಮಗು, ಓಡಬೇಡ, ಬೀಳುತ್ತೀಯ’ ಎಂಬ ಎಚ್ಚರಿಕೆ ನಮ್ಮ ಮನೆಗಳಲ್ಲಿ ಎಷ್ಟು ಬೇಗ ಶುರುವಾಗುತ್ತದೆಂಬುದನ್ನು ಓದುಗರೇ ಬಲ್ಲರು.

ಓಡಲು ಬಿಡಿ ಎನ್ನುವಾಗ ಎಲ್ಲಿ ಎಂಬುದನ್ನೂ ಹೇಳಬೇಕಾಗುತ್ತದೆ. ತೆಂಗಿನ ನಾಡಿನಲ್ಲಿ ಈಗಷ್ಟೇ ನಡೆಯಲು ಕಲಿತ ಮಗುವಿಗೆ ಎದುರಾಗುವ ಅಪಾಯಗಳು ನಿರ್ದಿಷ್ಟವಾಗಿವೆ: ಕಟ್ಟೆಯಿಲ್ಲದ ಬಾವಿ, ಮನೆಯ ಪಕ್ಕದ ನೀರಿನ ತೊಟ್ಟಿ, ಬೇಲಿಯಿಲ್ಲದ ಕೃಷಿ ಹೊಂಡ, ಮರದಿಂದ ಬೀಳುವ ಕಾಯಿ ಮತ್ತು ಗರಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಜಾರು ಅಂಚನ್ನು ಹತ್ತಿ ಬರಲು ದೊಡ್ಡವರಿಗೇ ಕಷ್ಟ. ನೀರಿಗಾಗಿ ಸಹಾಯಧನ ಕೊಡುವ ಸರ್ಕಾರ ಬೇಲಿಯಿಲ್ಲದ ಹೊಂಡಕ್ಕೆ ಅಂತಿಮ ಕಂತನ್ನು ಬಿಡುಗಡೆ ಮಾಡಬಾರದು.

ಇದಕ್ಕೆಲ್ಲ ಹಣವೆಲ್ಲಿಂದ ಎಂಬುದು ಹಣಕಾಸು ಇಲಾಖೆಯ ಸಹಜ ಪ್ರಶ್ನೆ. ಅರ್ಥಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಜಮೈಕಾದಲ್ಲಿ 1986–89ರ ನಡುವೆ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ ಮಗುವಿನೊಡನೆ ಆಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಶೇ 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದರ ಲೇಖಕರಲ್ಲಿ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಒಬ್ಬರು. ಅಲ್ಲಿ ಬಳಸಿದ ಆಟಿಕೆಗಳಲ್ಲಿ ಹಲವು ಮನೆಯಲ್ಲೇ ಮಾಡಿದವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಶಿಸ್ತಿಗೆ ಮಾತ್ರ ಅನ್ವಯಿಸುತ್ತೇವೆ. ಹೂಡಿಕೆಗೂ ಅದು ಸಲ್ಲುತ್ತದೆ.

ಹಳ್ಳಿಯ ಮಕ್ಕಳು ಹೇಗೂ ಓಡಾಡಿಕೊಂಡೇ ಬೆಳೆಯುತ್ತಾರೆ, ಈ ಚರ್ಚೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳಿಗೆ ಸರಿ ಎಂದು ಕೆಲವರು ಹೇಳಬಹುದು. ಬಹುಪಾಲು ಮಕ್ಕಳ ಮಟ್ಟಿಗೆ ಇದು ನಿಜವೂ ಹೌದು. ಆದರೆ ಸಾರ್ವಜನಿಕ ವ್ಯವಸ್ಥೆ ಇರುವುದು ಹೇಗೂ ನಡೆದುಬಿಡುವ ಮಕ್ಕಳಿಗಿಂತ ಹೆಚ್ಚಾಗಿ, ಹಾಗೆ ನಡೆಯಲಾಗದ ಮಗುವಿಗಾಗಿ. ರಕ್ತಹೀನತೆಯ ಮಗು, ವಲಸೆ ಬಂದ ಕೂಲಿಕಾರರ ಮಗು, ಕಾಲಿನ ದೋಷವಿರುವ ಮಗು ಸರಾಸರಿಯ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಮಾಡಬೇಕಾದುದು ಹೆಚ್ಚೇನಿಲ್ಲ. ಗ್ರಾಮ ಪಂಚಾಯಿತಿಯು ಪ್ರತಿ ಅಂಗನವಾಡಿಗೂ ಬೇಲಿಯಿರುವ, ನೆರಳಿರುವ ಒಂದು ಅಂಗಳವನ್ನು ಗುರುತಿಸಿಕೊಡಬೇಕು. ಸ್ವಂತ ಜಾಗವಿಲ್ಲದೆಡೆ ಸರ್ಕಾರಿ ಶಾಲೆಯ ಮೈದಾನವನ್ನು ದಿನಕ್ಕೆ ಒಂದು ಗಂಟೆ ಹಂಚಿಕೊಳ್ಳಲು ಆದೇಶ ಸಾಕು. ಮರಳಿನ ಗುಂಡಿ, ಹತ್ತಿ ಇಳಿಯಲು ಮಣ್ಣಿನ ದಿಬ್ಬ, ಹಗ್ಗ ಇಷ್ಟೇ ಸಾಮಗ್ರಿ; ತೆಂಗಿನ ನಾರಿನ ಹಗ್ಗಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ತಾಯಿ ಕಾರ್ಡಿನಲ್ಲಿ ಮುದ್ರಿತವಾಗಿರುವ ಬೆಳವಣಿಗೆಯ ಹಂತಗಳನ್ನು ಲಸಿಕೆಯ ದಿನ ಕಡ್ಡಾಯವಾಗಿ ಗುರುತು ಮಾಡಬೇಕು, ಹದಿನೆಂಟನೆಯ ತಿಂಗಳಲ್ಲಿ ನಡಿಗೆಯನ್ನು ನೋಡಿಯೇ ಬರೆಯಬೇಕು. ಸಂಶಯ ಬಂದ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ತಾಯಿಗೆ ಪ್ರಯಾಣ ವೆಚ್ಚದ ಜೊತೆಗೆ ಒಂದು ದಿನದ ಕೂಲಿಯನ್ನೂ ಕೊಡಬೇಕು. ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ‘ನವಚೇತನಾ’ ಎಂಬ ಚೌಕಟ್ಟನ್ನು ಹೊರಡಿಸಿದೆ; ರಾಜ್ಯ ಸರ್ಕಾರ 2023ರಲ್ಲಿ ಗ್ರಾಮೀಣ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಇವೆರಡರ ಆಶಯವೂ ಸರಿಯಾಗಿಯೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪಗಳ ಪಟ್ಟಿಯ ಜೊತೆಗೆ, ನಮ್ಮೂರಿನ ಅಂಗನವಾಡಿಯ ಮಕ್ಕಳು ಎಲ್ಲಿ ಓಡುತ್ತಾರೆ ಎಂಬ ಪ್ರಶ್ನೆಯನ್ನು ಒಬ್ಬ ಸದಸ್ಯರಾದರೂ ಎತ್ತಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿದರೆ ಆ ಆಶಯ ನೆಲಕ್ಕಿಳಿಯಲು ದಾರಿಯಾದೀತು.